ಸೆರಗಿನಲ್ಲಿ ಕಟ್ಟಿದ ಬೇಳೆ

ನಮ್ಮ ಯಜಮಾನರಿಗೆ ಗೊತ್ತಿಲ್ಲದ ಸಂಗತಿ ಪ್ರಪಂಚದಲ್ಲಿ ಒಂದೇ ಒಂದಿತ್ತು. ಅದು ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಜಾಡಿ ಎಲ್ಲಿದೆ ಎನ್ನುವುದು. ಮಿಕ್ಕಿದ್ದೆಲ್ಲ ಅವರಿಗೆ ಗೊತ್ತಿತ್ತು. ದೆಹಲಿಯಲ್ಲಿ ಯಾವ ಮಂತ್ರಿ ಯಾಕೆ ಮುನಿಸಿಕೊಂಡಿದ್ದಾನೆ, ರಷ್ಯಾದಲ್ಲಿ ಬ್ರೆಡ್ಡಿಗೆ ಯಾಕೆ ಕ್ಯೂ, ಜಪಾನಿನವರು ನಮಗೆ ಸಾಲ ಕೊಡುವುದರ ಹಿಂದಿನ ಮರ್ಮವೇನು, ಕೇಳಿದ ಕ್ಷಣಕ್ಕೆ ಉತ್ತರ ತಯಾರು. ಉಪ್ಪು ಮಾತ್ರ ನಾನೇ ತಂದು ಬಡಿಸಬೇಕು.

ಇವರ ಹೆಸರು ವರದರಾಜ. ಸರ್ಕಾರದ ಭಾಷಾಂತರ ಶಾಖೆಯಲ್ಲಿ ಮೂವತ್ತಮೂರು ವರ್ಷ ಕೂತು ಇಂಗ್ಲಿಷ್ ಆದೇಶಗಳನ್ನು ಕನ್ನಡಕ್ಕೆ ತಿರುಗಿಸಿ, ಎಂಬತ್ತೇಳರಲ್ಲಿ ನಿವೃತ್ತರಾದರು. ನಿವೃತ್ತರಾದ ಮೇಲೆ ಗಂಡಸರು ಮನೆಯೊಳಗೆ ಕೂತರೆ ಹೆಂಗಸರಿಗೆ ಕಷ್ಟ ಎಂದು ನನ್ನ ತಾಯಿ ಹೇಳುತ್ತಿದ್ದರು. ದೇವರ ದಯೆ, ಇವರು ಜಗಲಿಯ ಮೇಲೆ ಕೂತರು.

ಚಾಮರಾಜಪೇಟೆಯ ನಮ್ಮ ಮನೆಗೆ ಬೀದಿಗೆ ಮುಖ ಮಾಡಿದ ಉದ್ದನೆಯ ಕಲ್ಲಿನ ಜಗಲಿ ಇತ್ತು. ಬೆಳಿಗ್ಗೆ ಏಳಕ್ಕೆ ಇವರು ಅಲ್ಲಿ ಪೇಪರ್ ಓದುತ್ತಿದ್ದರು. ತರಗುಪೇಟೆಗೆ ಕೈಗಾಡಿ ಎಳೆಯುವ ದೊಡ್ಡಬೈರಪ್ಪ ಒಂದು ದಿನ ಗಾಡಿ ನಿಲ್ಲಿಸಿ, ಸೀಮೆಎಣ್ಣೆ ವಿಷಯ ಏನಾದರೂ ಬಂದಿದೆಯೇ ಎಂದು ಕೇಳಿದ. ಇವರು ಜೋರಾಗಿ ಓದಿ ಹೇಳಿದರು. ಮರುದಿನ ಅವನು ಇನ್ನಿಬ್ಬರನ್ನು ಕರೆತಂದ. ತಿಂಗಳು ತುಂಬುವುದರೊಳಗೆ ಅದು ನಿಯಮವೇ ಆಯಿತು. ಅರ್ಧ ಗಂಟೆ ಓದು, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಆಮೇಲೆ ಪ್ರಶ್ನೋತ್ತರ ವೇಳೆ, ತಲೆಗೊಂದು ಪ್ರಶ್ನೆ. ಪ್ರತಿ ಪ್ರಶ್ನೆಯನ್ನೂ ತಮ್ಮ ಉತ್ತರವನ್ನೂ ತಾರೀಕು ಹಾಕಿ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ವಿಧಾನಸಭೆಯಲ್ಲೂ ಇಷ್ಟು ಶಿಸ್ತು ಇರಲಿಲ್ಲವೇನೋ.

ಪ್ರಶ್ನೆಗಳೇನು ಸಾಮಾನ್ಯವೇ? ಸರ್ಕಾರ ತಾನೇ ನೋಟು ಅಚ್ಚು ಹಾಕುವುದಾದರೆ ಎಲ್ಲರಿಗೂ ಯಾಕೆ ಹಂಚಬಾರದು? ಎಲ್ಲೋ ಅರಬರ ದೇಶದಲ್ಲಿ ಜಗಳವಾದರೆ ನಮ್ಮ ಒಲೆ ಯಾಕೆ ಆರಬೇಕು? ಅಮೆರಿಕ, ರಷ್ಯಾ ಇಬ್ಬರಲ್ಲಿ ನಾವು ಯಾರ ಕಡೆ? ಇವರು ಒಂದಕ್ಕೂ ಸೋತವರಲ್ಲ. ನಿಜವಾಗಿ ಉತ್ತರ ತಿಳಿಯದಿದ್ದಾಗ "ಅದು ರಾಜತಾಂತ್ರಿಕ ವಿಷಯ" ಎಂದು ಎಡಗಿವಿ ಕೆರೆದುಕೊಂಡು ಏನಾದರೊಂದು ಹೇಳಿಬಿಡುತ್ತಿದ್ದರು. ಆ ಕಿವಿಯ ಗುಟ್ಟು ನನಗೊಬ್ಬಳಿಗೇ ಗೊತ್ತಿತ್ತು. ಎದುರು ಮನೆಯ ಬದರೀನಾರಾಯಣ ಅಂಚೆ ಇಲಾಖೆಯಿಂದ ನಿವೃತ್ತರಾದವರು. ಇವರ ಬಾಯಲ್ಲಿ ಒಂದೇ ಒಂದು ಸಲ "ಗೊತ್ತಿಲ್ಲ" ಎಂದು ಕೇಳಬೇಕೆಂಬ ಆಸೆಗೆ ಮೂರು ವರ್ಷ ತಪ್ಪದೆ ಬಂದು ಕೂತಿದ್ದರು.

ಆದರೆ ಇವರ ಮೆಚ್ಚಿನ ಶಿಷ್ಯೆ ಎಂದರೆ ಮುನಿಯಮ್ಮ. ಬಾಗೇಪಲ್ಲಿ ಕಡೆಯ ಹಳ್ಳಿಯವಳು, ಐವತ್ತರ ಹತ್ತಿರದ ಹೆಂಗಸು. ತರಗುಪೇಟೆಯ ಮಂಡಿಯಲ್ಲಿ ಕಾಳು ಬೇಳೆ ಕೇರುವ ಕೆಲಸ. ಆಗ್ಗೆ ಒಂದು ವರ್ಷದಿಂದ, ಹೋಗುವ ದಾರಿಯಲ್ಲಿ ಮೊರವನ್ನು ಕಂಕುಳಲ್ಲಿ ಇರುಕಿಕೊಂಡು ಕೊನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಮೇಲೆ ಬಾ ಎಂದರೆ ಬರುತ್ತಿರಲಿಲ್ಲ. ವಾರಕ್ಕೊಮ್ಮೆ ಒಂದು ಹಿಡಿ ತೊಗರಿಬೇಳೆ ತಂದು ನನ್ನ ಕೈಗೆ ಹಾಕುವಳು. ವಿದ್ಯೆ ಕೇಳಿಸಿಕೊಂಡು ಬರಿಗೈಲಿ ಹೋಗಬಾರದಂತೆ. ಇವರು ಬೇಡವೆನ್ನುತ್ತಿದ್ದರು, ನಾನು ತೆಗೆದುಕೊಳ್ಳುತ್ತಿದ್ದೆ. ಅಷ್ಟು ಹಸನಾದ ಬೇಳೆ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ.

ವಿಶ್ವಸಂಸ್ಥೆ ಎಂದರೇನೆಂದು ಇವರು ಒಮ್ಮೆ ವಿವರಿಸಿದಾಗ, ಅದು ದೇಶದೇಶಗಳ ಪಂಚಾಯ್ತಿ ಎಂದು ಅವಳು ಕೂಡಲೇ ಹಿಡಿದಳು. ಪಂಚಾಯ್ತಿ ಹೇಳಿದ್ದನ್ನು ಊರ ಗೌಡನೇ ಕೇಳದಿದ್ದರೆ ಏನು ಮಾಡುವುದು ಎಂದು ಕೇಳಿದಳು. ಇವರು ಎಡಗಿವಿ ಕೆರೆದುಕೊಂಡರು. ಆ ದಿನವೆಲ್ಲ ಅವಳ ಬುದ್ಧಿಯನ್ನೇ ಹೊಗಳಿದ್ದು.

ತೊಂಬತ್ತರ ಆಗಸ್ಟ್ ಮೂರನೆಯ ತಾರೀಕು, ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ಸುದ್ದಿಯನ್ನು ಇವರು ದನಿ ಏರಿಸಿ ಓದಿದರು. ಪ್ರಶ್ನೆಗಳು ಮುಗಿಬಿದ್ದವು. ಮುನಿಯಮ್ಮ ಮಾತ್ರ ಏನೂ ಕೇಳದೆ ಎದ್ದು ಹೋದಳು. ಮರುದಿನ ಎಲ್ಲರೂ ಹೋಗುವವರೆಗೆ ಕಾದು ನಿಂತು, ಮೆಲ್ಲಗೆ ಕೇಳಿದಳು.

"ಸ್ವಾಮಿ, ಕುವೈತಲ್ಲಿ ಮನೆಗೆಲಸ ಮಾಡೋ ನಮ್ಮೋರ್ನ ಏನ್ ಮಾಡ್ತಾರೆ?"

ಆಗ ಗೊತ್ತಾಯಿತು. ಅವಳ ಮಗಳು ಆದಿಲಕ್ಷ್ಮಿ ಬೊಂಬಾಯಿಯಲ್ಲಿದ್ದಾಳೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ನಿಜಕ್ಕೂ ಅವಳಿದ್ದದ್ದು ಕುವೈತಿನಲ್ಲಿ. ಗಂಡ ಬಿಟ್ಟ ಹುಡುಗಿ, ಕಡಪದ ಕಡೆಯ ನೆಂಟರ ಜೊತೆ ಹೋಗಿ ಅರಬರ ಮನೆಯಲ್ಲಿ ಕೆಲಸಕ್ಕಿದ್ದಳು. ವಠಾರದವರ ನಾಲಿಗೆಗೆ ಹೆದರಿ ತಾಯಿ ಎರಡು ವರ್ಷ ಮುಚ್ಚಿಟ್ಟಿದ್ದಳು.

ಇವರು ಕನ್ನಡಕ ತೆಗೆದು ಒರೆಸಿದರು. ದೊಡ್ಡ ದೇಶಗಳು ಸುಮ್ಮನಿರುವುದಿಲ್ಲ, ವಿಶ್ವಸಂಸ್ಥೆ ಠರಾವು ಮಾಡಿದೆ, ಎಣ್ಣೆಯ ವಿಷಯವಾದ್ದರಿಂದ ಬೇಗ ಇತ್ಯರ್ಥವಾಗುತ್ತದೆ ಎಂದೆಲ್ಲ ಹೇಳಿದರು. ಅವಳಿಗೆ ಅದೊಂದೂ ಬೇಕಿರಲಿಲ್ಲ. ಎಷ್ಟು ದಿನ ಎಂದು ಕೇಳಿದಳು.

"ಎಂಟು ದಿನ. ಎಂಟೇ ದಿನದಲ್ಲಿ ಎಲ್ಲ ಸರಿಹೋಗತ್ತೆ, ಹೆದರ್ಬೇಡಮ್ಮ."

ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಇವರ ಕೈ ಎಡಗಿವಿಯ ಮೇಲಿತ್ತು. ಕಂಡೂ ನಾನು ಸುಮ್ಮನಿದ್ದೆ. ಹೆಂಗಸಿಗೆ ಸ್ವಲ್ಪ ಸಮಾಧಾನವಾದರೆ ಆಗಲಿ ಬಿಡು ಎಂದುಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ ಹೇಳಿ ಮಕ್ಕಳನ್ನು ಬೆಳೆಸಿದವಳು ನಾನು. ಅವತ್ತು ಆ ಗಾದೆ ನನಗೇ ನೆನಪಾಗಲಿಲ್ಲ.

ಅದಾದ ನಾಲ್ಕೈದು ದಿನಕ್ಕೆ ಬದರೀನಾರಾಯಣರು ಒಂದು ಸುದ್ದಿ ತಂದರು. ಕುವೈತಿನಲ್ಲಿ ಸಿಕ್ಕಿಹಾಕಿಕೊಂಡವರ ಹೆಸರು, ವಿಳಾಸವನ್ನು ಮನೆಯವರು ಬಂದು ಬರೆಸಬಹುದಂತೆ, ಪಟ್ಟಿ ದೆಹಲಿಗೆ ಹೋಗುತ್ತದಂತೆ. ಅದಕ್ಕೊಂದು ಆಫೀಸು ಗೊತ್ತುಮಾಡಿದ್ದಾರಂತೆ. ದೊಡ್ಡಬೈರಪ್ಪ ಆ ಮಾತನ್ನು ಮುನಿಯಮ್ಮನಿಗೂ ಹೇಳಿದ. ಅಷ್ಟರಲ್ಲಿ ಗುಟ್ಟು ಅವನವರೆಗೆ ಬಂದಿತ್ತು. ಅವಳು ಹೋಗಲಿಲ್ಲ. ಸ್ವಾಮಿಗಳು ಎಂಟು ದಿನ ಎಂದಿದ್ದಾರೆ, ಆಫೀಸಿಗೆ ಹೋಗಿ ಯಾಕೆ ಊರಿಗೆಲ್ಲ ಡಂಗುರ ಹೊಡೆಯಬೇಕು ಎಂದಳಂತೆ.

ಆಗಸ್ಟ್ ಹದಿಮೂರು, ಸೋಮವಾರ. ಓದು ಮುಗಿದು ಪ್ರಶ್ನೆಯ ವೇಳೆ ಬಂತು. ಮುನಿಯಮ್ಮ ಅವತ್ತು ಮೊದಲ ಸಲ ಮೆಟ್ಟಿಲು ಹತ್ತಿ ಬಂದಳು. ಸೆರಗಿನ ತುದಿಯ ಗಂಟು ಬಿಚ್ಚಿ, ಒಂದೊಂದಾಗಿ ತೊಗರಿಬೇಳೆಗಳನ್ನು ಇವರ ಮುಂದೆ ಕಲ್ಲಿನ ಮೇಲೆ ಸಾಲಾಗಿ ಇಟ್ಟಳು.

"ದಿನಕ್ಕೊಂದು ಕಟ್ಕೊಂಡಿದ್ದೆ ಸ್ವಾಮಿ. ಇವತ್ತಿಗೆ ಒಂಬತ್ತು."

ಇವರು ಆ ಬೇಳೆಗಳನ್ನೇ ನೋಡುತ್ತ ಕೂತರು. ಕೈ ಕಿವಿಯತ್ತ ಹೋಗಲಿಲ್ಲ. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಗಂಡಸಿನ ಮುಖದಲ್ಲಿ ಅಂಥ ಸೋಲನ್ನು ನಾನು ನೋಡಿರಲಿಲ್ಲ.

"ನಂಗೆ ಗೊತ್ತಿಲ್ಲ ಮುನಿಯಮ್ಮ," ಎಂದರು. "ಆವತ್ತೂ ಗೊತ್ತಿರ್ಲಿಲ್ಲ."

ಈ ಮಾತಿಗಾಗಿ ಮೂರು ವರ್ಷ ಕಾದಿದ್ದ ಬದರೀನಾರಾಯಣರು ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡಿಕೊಂಡರು. ಮುನಿಯಮ್ಮ ಬೇಳೆಗಳನ್ನು ಆಯ್ದು ಮತ್ತೆ ಗಂಟು ಕಟ್ಟಿದಳು.

"ಮೊದ್ಲೇ ಹೇಳಿದ್ರೆ ಆವತ್ತೇ ಹೋಗಿ ಹೆಸ್ರು ಬರಸ್ತಿದ್ದೆ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಇವರು ಪೇಪರನ್ನು ಅಲ್ಲೇ ಬಿಟ್ಟು ಒಳಗೆ ಬಂದು ಷರಟು ಹಾಕಿಕೊಂಡರು. ಪಿಂಚಣಿಗೆ ಬಿಟ್ಟರೆ ಬೇರಾವುದಕ್ಕೂ ಕ್ಯೂ ನಿಲ್ಲದ ಮನುಷ್ಯ ಅವತ್ತು ಮುನಿಯಮ್ಮನ ಜೊತೆ ಆ ಆಫೀಸಿನಲ್ಲಿ ಮಧ್ಯಾಹ್ನದವರೆಗೆ ನಿಂತರು. ಅಲ್ಲಿನ ಗುಮಾಸ್ತ ಒಳ್ಳೆಯವನೇ. ಆದರೆ ಫಾರಮ್ಮಿನಲ್ಲಿ ಪಾಸ್‌ಪೋರ್ಟ್ ನಂಬರು, ಕೆಲಸ ಕೊಟ್ಟ ಯಜಮಾನನ ಹೆಸರು, ಅಲ್ಲಿನ ವಿಳಾಸ ಎಲ್ಲ ಕೇಳಿದ್ದರು. ಮುನಿಯಮ್ಮನಲ್ಲಿ ಒಂದೂ ಇರಲಿಲ್ಲ. ಮಗಳ ಕಾಗದಗಳು ಮಾವಳ್ಳಿಯ ತಂಗಿಯ ಮನೆಗೆ ಬರುತ್ತಿದ್ದವು. ಅಲ್ಲೇ ಯಾರಿಂದಲೋ ಓದಿಸಿಕೊಂಡು, ವಠಾರದವರ ಕಣ್ಣಿಗೆ ಬಿದ್ದೀತೆಂದು ಅಲ್ಲೇ ಒಲೆಗೆ ಹಾಕಿ ಬರುತ್ತಿದ್ದಳು. ಉತ್ತರಕ್ಕೆಂದು ಮಗಳೇ ತನ್ನ ವಿಳಾಸ ಬರೆದ ಕವರನ್ನು ಒಳಗಿಟ್ಟು ಕಳಿಸುವಳು, ಅದೂ ಅಂಚೆಗೆ ಹೋಗಿಬಿಡುತ್ತಿತ್ತು. ಬರಿಯ ಹೆಸರಿನಿಂದ ಏನೂ ಆಗುವುದಿಲ್ಲ, ಅಲ್ಲಿ ನೂರಾರು ಲಕ್ಷ್ಮಿಯರಿದ್ದಾರೆ, ವಿಳಾಸ ಏನಾದರೂ ಸಿಕ್ಕಿದರೆ ತನ್ನಿ ಎಂದು ಗುಮಾಸ್ತ ಹೇಳಿ ಕಳಿಸಿದ್ದ.

ಮನೆಗೆ ಬಂದವರು ಊಟ ಬೇಡವೆಂದರು. ನನಗೆ ಸಿಟ್ಟು ಬಂತು. ಇವರ ಮೇಲೋ ನನ್ನ ಮೇಲೋ ಹೇಳಲಾರೆ.

"ಎಂಟು ದಿನ ಅಂದಾಗ ನಿಮ್ಮ ಕೈ ಕಿವಿ ಮೇಲಿತ್ತು ರೀ. ಸುಳ್ಳು ಅಂತ ಆಗ್ಲೇ ಗೊತ್ತಾಗಿತ್ತು ನಂಗೆ. ಸುಮ್ನಿದ್ಬಿಟ್ಟೆ. ತಪ್ಪು ನಂದೂ ಇದೆ, ಬಂದು ಊಟ ಮಾಡಿ."

ಕಿವಿಯ ವಿಷಯ ನನಗೆ ತಿಳಿದಿದೆ ಎಂದು ಅವರಿಗೆ ಅವತ್ತೇ ಗೊತ್ತಾದದ್ದು. ನನ್ನ ಮುಖ ನೋಡಿದರು. ಬಂದು ಎರಡು ತುತ್ತು ತಿಂದರು. ಆಮೇಲೆ ನೋಟ್‌ಬುಕ್ಕು ತೆಗೆದು, ಮುನಿಯಮ್ಮ ಈ ಒಂದು ವರ್ಷದಲ್ಲಿ ಕೇಳಿದ ಪ್ರಶ್ನೆಗಳನ್ನು ಹುಡುಕಿ ಹುಡುಕಿ ನನಗೆ ಓದತೊಡಗಿದರು.

ಅರಬರ ದೇಶದಲ್ಲಿ ಮಳೆ ಬರುತ್ತದೆಯೇ? ಅಲ್ಲಿ ಹೆಣ್ಣುಮಕ್ಕಳು ಒಬ್ಬರೇ ಬೀದಿಗೆ ಬರಬಹುದೇ? ನಮ್ಮ ದೇಶದವರಿಗೆ ಬೇರೆ ದೇಶದಲ್ಲಿ ಕಾಯಿಲೆಯಾದರೆ ಯಾವ ಸರ್ಕಾರ ನೋಡಬೇಕು? ಯಜಮಾನ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ ಯಾರಿಗೆ ಹೇಳಬೇಕು? ಆ ಕಡೆ ಬೇಳೆ ಸಿಗುತ್ತದೆಯೇ?

ಕೆಳಗೆ ಇವರ ಉತ್ತರಗಳು. ಒಪ್ಪಂದಗಳು, ವಿದೇಶಾಂಗ ನೀತಿ, ರಾಯಭಾರಿಗಳ ಅಧಿಕಾರ, ಮರುಭೂಮಿಯ ಹವಾಮಾನ. ಒಂದೊಂದು ಉತ್ತರವೂ ಅರ್ಧ ಪುಟ. ಓದುತ್ತ ಓದುತ್ತ ಇವರು ತಮ್ಮ ಉತ್ತರಗಳನ್ನು ಬಿಟ್ಟು ಬರಿಯ ಪ್ರಶ್ನೆಗಳನ್ನೇ ಓದತೊಡಗಿದರು.

"ಎಲ್ಲಾ ಮಗಳ ವಿಷಯಾನೇ ಕೇಳಿದಾಳೆ ಕಣೆ ಕಾವೇರಿ. ಯಾಕೆ ಕೇಳ್ತಿದೀಯ ಅಂತ ನಾನು ಒಂದು ಸಲಾನೂ ತಿರುಗಿ ಕೇಳ್ಲಿಲ್ಲ."

ನನಗೂ ಅಳು ಬಂತು. ಒಂದು ವರ್ಷ ಅವಳ ಬೇಳೆಯನ್ನು ಬೇಯಿಸಿ ತಿಂದವಳು ನಾನು. ನಿನಗೆ ಮಕ್ಕಳೆಷ್ಟು, ಮಗಳು ಹೇಗಿದ್ದಾಳೆ ಎಂದು ನಾನಾದರೂ ಕೂರಿಸಿಕೊಂಡು ಕೇಳಿದ್ದೆನೇ?

ಇನ್ನೂ ನಾಲ್ಕು ಹಾಳೆ ತಿರುಗಿಸಿದಾಗ ಆ ಪುಟ ಸಿಕ್ಕಿತು. ಹಿಂದಿನ ವರ್ಷದ ದೀಪಾವಳಿಯ ಹೊತ್ತಿಗೆ ಬರೆದದ್ದು. "ಮುನಿಯಮ್ಮ: ಇದು ಯಾವ ದೇಶದ ಸ್ಟ್ಯಾಂಪು?" ಪಕ್ಕದಲ್ಲಿ ಇವರು ಆ ಸ್ಟ್ಯಾಂಪನ್ನೇ ಗೋಂದು ಬಳಿದು ಅಂಟಿಸಿದ್ದರು. ಎಲ್ಲ ಕಾಗದವನ್ನೂ ಸುಟ್ಟವಳು ಅದೊಂದನ್ನು ಆಸೆಗೆ ಉಳಿಸಿಕೊಂಡು, ಕವರಿನ ಮೂಲೆಯನ್ನೇ ಅಂಗೈ ಅಗಲ ಹರಿದು ತಂದಿದ್ದಳು. ಎಲ್ಲೋ ಬಿದ್ದಿತ್ತು ಎಂದು ಹೇಳಿದ್ದಳಂತೆ. ಇವರು ಕುವೈತಿನ ಚರಿತ್ರೆಯನ್ನೆಲ್ಲ ಹೇಳಿ, ಸ್ಟ್ಯಾಂಪನ್ನು ತಾವೇ ಇಟ್ಟುಕೊಂಡಿದ್ದರು.

ಇವರು ಪುಸ್ತಕ ಹಿಡಿದು ಎದುರು ಮನೆಗೆ ಓಡಿದರು. ಮೂರು ವರ್ಷದಲ್ಲಿ ಬದರೀನಾರಾಯಣರ ಹೊಸ್ತಿಲು ತುಳಿದದ್ದು ಅದೇ ಮೊದಲು. ಅವರು ಪುಟವನ್ನು ಬೆಳಕಿಗೆ ಹಿಡಿದು ನೋಡಿದರು. ಆ ದೇಶದಲ್ಲಿ ಮನೆ ಮನೆಗೆ ಕಾಗದ ಕೊಡುವ ಪದ್ಧತಿ ಕಡಿಮೆ, ಪೋಸ್ಟ್ ಬಾಕ್ಸ್ ನಂಬರೇ ವಿಳಾಸ, ಕಳಿಸಿದವರು ಅದನ್ನು ಕವರಿನ ಹಿಂಬದಿಗೆ ಬರೆಯುತ್ತಾರೆ, ಈ ಚೂರಿನ ಬೆನ್ನಿಗೆ ಇದ್ದರೂ ಇರಬಹುದು ಎಂದರು. ಇಬ್ಬರೂ ನೋಟ್‌ಬುಕ್ಕು ಹಿಡಿದು ನನ್ನ ಅಡುಗೆಮನೆಗೆ ಬಂದರು. ಗೋಂದು ಬಿಡಿಸುವುದು ಹೇಗೆಂದು ಇಬ್ಬರು ಪಂಡಿತರಿಗೂ ತಿಳಿಯದು.

ನಾನು ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ಆ ಹಾಳೆಯನ್ನು ಆವಿಗೆ ಹಿಡಿದೆ. ಕೈ ಸುಡುತ್ತಿತ್ತು. ಅಂಚು ಸಡಿಲವಾದ ಮೇಲೆ ದೋಸೆ ಮಗುಚುವ ಹಾಗೆ ಮೆಲ್ಲಗೆ ಎಬ್ಬಿಸಿದೆ. ಕವರಿನ ಚೂರಿನ ಹಿಂದೆ ನೀಲಿ ಶಾಯಿಯಲ್ಲಿ, ಕಲಸಿಹೋಗಿದ್ದರೂ ಓದಲು ಬರುವಂತೆ, ಒಂದು ಹೆಸರಿನ ಅರ್ಧವೂ ಐದಂಕಿಯ ಪೋಸ್ಟ್ ಬಾಕ್ಸ್ ನಂಬರೂ ಇದ್ದವು. ಗೋಂದು ಬಳಿಯುವಾಗ ಇವರು ಅದನ್ನು ಗಮನಿಸಿಯೇ ಇರಲಿಲ್ಲ. ಬದರೀನಾರಾಯಣರು ಓದಿ ಹೇಳಿದರು, ಇವರು ಬರೆದುಕೊಂಡರು. ಇಬ್ಬರೂ ವಾದ ಮಾಡದೆ ಒಂದು ಕೆಲಸ ಮುಗಿಸಿದ್ದನ್ನು ನಾನು ಕಂಡದ್ದು ಆಗಲೇ.

ಮರುದಿನ ಆ ನಂಬರು ಪಟ್ಟಿ ಸೇರಿತು. ಮೊದಲ ಪಟ್ಟಿ ಆಗಲೇ ದೆಹಲಿಗೆ ಹೋಗಿತ್ತು, ಇದು ಎರಡನೆಯದರಲ್ಲಿ ಹೋಗುತ್ತದೆ ಎಂದರು. ಹೋದ ಆ ಎಂಟು ದಿನ ಇವರ ಎದೆಯ ಮೇಲೆ ಕಲ್ಲಾಗಿ ಕೂತವು.

ಅಲ್ಲಿಂದ ಕಾಯುವುದೇ ಕೆಲಸ. ಜೋರ್ಡಾನ್ ಎಂಬ ದೇಶದಿಂದ ವಿಮಾನಗಳು ಜನರನ್ನು ಬೊಂಬಾಯಿಗೆ ತರುತ್ತಿವೆ ಎಂದು ಪೇಪರಿನಲ್ಲಿ ಬರುತ್ತಿತ್ತು. ಇವರು ಅದನ್ನು ಓದುವರು, ಅಷ್ಟೇ. ಆ ವಿಮಾನದಲ್ಲಿ ಆದಿಲಕ್ಷ್ಮಿ ಇರುತ್ತಾಳೆಯೇ ಎಂದು ಮುನಿಯಮ್ಮ ಕೇಳಿದರೆ ಗೊತ್ತಿಲ್ಲವಮ್ಮ ಎನ್ನುವರು. ವಾರಕ್ಕೆರಡು ಸಲ ಅವಳ ಜೊತೆ ಆಫೀಸಿಗೆ ಹೋಗಿ ಬರುವರು. ಜಗಲಿಯ ನಿಯಮವೂ ಬದಲಾಯಿತು. ಪೇಪರ್ ಬಿಚ್ಚುವ ಮುಂಚೆ ಒಬ್ಬೊಬ್ಬರನ್ನೂ ಮನೆಯ ಸಮಾಚಾರ ಕೇಳುವರು. ದೊಡ್ಡಬೈರಪ್ಪನ ಹೆಂಡತಿಗೆ ಕಣ್ಣಿನ ಪೊರೆ ಬಂದದ್ದು ಮೂರು ವರ್ಷದ ಮೇಲೆ ಆಗ ನಮಗೆ ತಿಳಿಯಿತು. ಮುನಿಯಮ್ಮ ದಿನವೂ ಬಂದಳು. ಸೆರಗಿನ ಗಂಟು ದಪ್ಪವಾಗುತ್ತ ಹೋಯಿತು.

ನವರಾತ್ರಿ ಬಂತು. ಆಯುಧಪೂಜೆಗೆ ಒಂದು ದಿನ ಮುಂಚೆ, ಬೆಳಿಗ್ಗೆ ಏಳಕ್ಕೆ, ಇವರು ಇನ್ನೂ ಪೇಪರ್ ಕೈಗೆ ತೆಗೆದುಕೊಂಡಿರಲಿಲ್ಲ. ಬೀದಿಯ ತಿರುವಿನಲ್ಲಿ ಮುನಿಯಮ್ಮ ಕಂಡಳು. ಕಂಕುಳಲ್ಲಿ ಮೊರ ಇರಲಿಲ್ಲ. ಪಕ್ಕದಲ್ಲಿ ಒಬ್ಬಳು ಹುಡುಗಿ, ಬಿಸಿಲಿಗೆ ಮುಖ ಸುಟ್ಟು ಕಪ್ಪಾಗಿತ್ತು, ಕಾಲಿಗೆ ಗಂಡಸರ ಚಪ್ಪಲಿ. ತಾಯಿ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು. ನಮ್ಮ ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಹಿಂದಿನ ಸಂಜೆ ಬೊಂಬಾಯಿ ರೈಲಿನಿಂದ ಇಳಿದಿದ್ದಳಂತೆ. ತಾಯಿಗೂ ಇನ್ನೂ ಏನೂ ಹೇಳಿರಲಿಲ್ಲವಂತೆ, ರಾತ್ರಿಯೆಲ್ಲ ಸುಮ್ಮನೆ ಕೂತಿದ್ದಳಂತೆ. ಜಗಲಿಯಲ್ಲಿ ಕೂತವರಿಗೆಲ್ಲ ಕೇಳಲು ನೂರು ಪ್ರಶ್ನೆ ಇದ್ದವು. ಸೈನ್ಯ ಕಂಡೆಯಾ, ಯುದ್ಧವಾಗುತ್ತದಾ, ಎಣ್ಣೆ ಬಾವಿಗಳು ಏನಾದವು. ಇವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ದಾರೀಲಿ ಏನ್ ತಿಂದೆ ಮಗು?"

ಆದಿಲಕ್ಷ್ಮಿ ಇವರನ್ನು ನೋಡಿದಳು. ಒಣಗಿದ ರೊಟ್ಟಿ ಎಂದಳು. ಆಮೇಲೆ ಹೇಳುತ್ತಲೇ ಹೋದಳು. ಯಜಮಾನನ ಮನೆಯವರು ಒಂದು ಬೆಳಿಗ್ಗೆ ಕಾರಿನಲ್ಲಿ ಹೊರಟುಹೋಗಿದ್ದು, ಪಾಸ್‌ಪೋರ್ಟನ್ನು ಬೀರು ಒಡೆದು ತೆಗೆದಿದ್ದು, ಕಡಪದ ಮೂವರು ಹೆಂಗಸರ ಜೊತೆ ಬಸ್ಸಿನಲ್ಲಿ ಮರಳುಗಾಡು ದಾಟಿದ್ದು, ಗಡಿಯ ಡೇರೆಯಲ್ಲಿ ಹನ್ನೊಂದು ದಿನ ನೀರಿಗೆ ಕಾದಿದ್ದು. ಇವರು ನಡುವೆ ಒಂದು ಮಾತೂ ಆಡದೆ ಕೇಳಿಸಿಕೊಂಡರು. ಪೇಪರ್ ಮಡಿಸಿದ ಹಾಗೇ ಮೆಟ್ಟಿಲ ಮೇಲೆ ಬಿದ್ದಿತ್ತು.

ಕೊನೆಗೆ ಬದರೀನಾರಾಯಣರು ತಡೆಯಲಾರದೆ, ಪಟ್ಟಿಯಲ್ಲಿ ನಿನ್ನ ಹೆಸರು ಯಾರಾದರೂ ಕೂಗಿದರೇನಮ್ಮ ಎಂದು ಕೇಳಿದರು. ಯಾವ ಪಟ್ಟಿ ಎಂದಳು ಅವಳು. ವಿಮಾನ ಹತ್ತಲು ಸಾಲಿನಲ್ಲಿ ನಿಂತೆವು, ನಮ್ಮ ಸರದಿ ಬಂತು, ಹತ್ತಿಸಿಕೊಂಡರು ಎಂದಳು. ನಮ್ಮ ಇಡ್ಲಿ ಪಾತ್ರೆ, ಆವಿ, ಐದಂಕಿಯ ನಂಬರು ಒಂದೂ ಅವಳವರೆಗೆ ಹೋಗಿರಲಿಲ್ಲ. ಇವರು ನನ್ನ ಕಡೆ ನೋಡಿದರು, ನಾನು ಇವರ ಕಡೆ ನೋಡಿದೆ. ಹೋಗದಿದ್ದರೆ ಏನಂತೆ, ಹುಡುಗಿ ಬಂದಿದ್ದಳಲ್ಲ.

ನಾನು ಕುಂಕುಮ ಕೊಡಲು ಇಬ್ಬರನ್ನೂ ಒಳಗೆ ಕರೆದೆ. ಮುನಿಯಮ್ಮ ಯಾವತ್ತಿನಂತೆ ಹಿಂಜರಿದಳು. ನಾನು ಅವಳ ಕೈ ಹಿಡಿದೇ ಎಳೆದುಕೊಂಡು ಹೋದೆ. ಬೊಂಬೆಗಳ ಮುಂದೆ ನಿಂತು ಅವಳು ಸೆರಗಿನ ಗಂಟು ಬಿಚ್ಚಿ, ಅದರಲ್ಲಿದ್ದದ್ದನ್ನು ನನ್ನ ಅಂಗೈಗೆ ಸುರಿದಳು.

"ಐವತ್ನಾಲ್ಕು ಇದಾವೆ ಅಮ್ಮಾವ್ರೆ. ಬೇಯ್ಸ್‌ಬಿಡಿ, ಇನ್ ನಂಗೆ ಬ್ಯಾಡ."

ಸೆರಗಿನಲ್ಲಿ ಉಜ್ಜಿ ಉಜ್ಜಿ ಆ ಬೇಳೆಗಳು ನುಣುಪಾಗಿದ್ದವು. ಅವನ್ನು ನಮ್ಮ ಬೇಳೆಯ ಜೊತೆ ಹಾಕಿ ಸಾರು ಮಾಡಿದೆ. ಜಗಲಿಯಲ್ಲಲ್ಲ, ನಡುಮನೆಯಲ್ಲಿ ಎಲೆ ಹಾಕಿದೆ. ತಾಯಿ ಮಗಳು, ದೊಡ್ಡಬೈರಪ್ಪ, ಬದರೀನಾರಾಯಣರು ಸಾಲಾಗಿ ಕೂತರು. ಬಡಿಸಲು ಇವರೇ ನಿಂತರು. ಉಪ್ಪು ಎಲ್ಲಿದೆ ಎಂದು ಎರಡು ಸಲ ಕೇಳಿ, ಮೂರನೆಯ ಸಲ ತಾವೇ ಹುಡುಕಿ ತಂದರು.

ಮುನಿಯಮ್ಮ ಅನ್ನ ಕಲಸುತ್ತ ತಲೆ ಎತ್ತಿದಳು.

"ಸ್ವಾಮಿ, ಎಲ್ಲಾ ತಣ್ಣಗಾದ್ರೆ ಮತ್ತೆ ಹೋಗ್ತೀನಿ ಅಂತಾಳೆ ಇವ್ಳು. ಯುದ್ಧ ಆಗತ್ತಾ?"

ಸೌಟು ಹಿಡಿದ ಇವರ ಬಲಗೈ ನಿಂತಿತು. ಎಡಗೈ ಕಿವಿಯ ಹತ್ತಿರ ಹೋಗಿ, ಅಲ್ಲಿಂದ ಕೆಳಗಿಳಿಯಿತು.

"ಗೊತ್ತಿಲ್ಲಮ್ಮ."

ಅವಳು ಸರಿ ಎನ್ನುವಂತೆ ತಲೆಯಾಡಿಸಿದಳು. ಮಗಳ ಎಲೆಯತ್ತ ಒಮ್ಮೆ ನೋಡಿ, "ಹಂಗಾದ್ರೆ ದಿನಾ ಬಂದ್ ಕೇಳ್ತೀನಿ," ಎಂದಳು.

ಇವರು ಬಗ್ಗಿ ಅವಳ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದರು.